ಎರಡನೆಯ ಮಗು: ಭೋಸರಿಯಲ್ಲಿ ಸೋತ ವಾದ

ಹುಬ್ಬಳ್ಳಿಯಿಂದ ಪುಣೆಗೆ ಹೋಗುವ ಕೆಂಪು ಬಸ್ಸು ಬೆಳಿಗ್ಗೆ ಆರೂವರೆಗೆ ಬಿಡಬೇಕಿತ್ತು, ಏಳಕ್ಕೆ ಬಿಟ್ಟಿತು. ೨೦೦೫ರ ಡಿಸೆಂಬರ್. ನಮ್ಮ ಸೀಟಿನ ಕಿಟಕಿ ಪೂರ್ತಿ ಮುಚ್ಚುತ್ತಿರಲಿಲ್ಲ. ಹಾಗಾಗಿ ಚಳಿಯೂ ಟಿಕೆಟ್ ಇಲ್ಲದೆ ನಮ್ಮ ಜೊತೆ ಹೊರಟಿತು. ನಾವು ಮೂವರು: ನಾನು, ನನ್ನ ಗಂಡ ವಿರೂಪಾಕ್ಷ, ನಾಲ್ಕೂವರೆ ವರ್ಷದ ಮಗಳು ಗೌರಿ. ಪುಣೆಯಲ್ಲಿ ಮೂರು ಕೆಲಸಗಳಿದ್ದವು. ನನ್ನ ಎದೆಯನ್ನು ವೈದ್ಯರಿಗೆ ತೋರಿಸುವುದು, ವಿರೂಪಾಕ್ಷನ ರಕ್ತ ಪರೀಕ್ಷೆಯ ಫಲಿತಾಂಶ ಕೇಳುವುದು, ಇನ್ನೊಂದು ಮಗು ಬೇಕೋ ಬೇಡವೋ ಎಂದು ತೀರ್ಮಾನಿಸುವುದು. ಮೊದಲ ಎರಡಕ್ಕೆ ವೇಳೆ ಗೊತ್ತುಮಾಡಿ ಕೊಟ್ಟಿದ್ದರು.

ನನಗೆ ಸಿಸ್ಟಿಕ್ ಫೈಬ್ರೋಸಿಸ್ ಇದೆ. ಹುಟ್ಟಿನಿಂದಲೇ ಬರುವ ಕಾಯಿಲೆ; ಅಪ್ಪ ಅವ್ವ ಇಬ್ಬರ ರಕ್ತದಲ್ಲೂ ದೋಷವಿದ್ದರೆ ಮಾತ್ರ ಮಗುವಿಗೆ ಬರುತ್ತದೆ. ಎದೆಯಲ್ಲಿ ಕಫ ಅಂಟಿನ ಹಾಗೆ ಕೂರುತ್ತದೆ, ಉಂಡದ್ದು ಅರಗಲು ಮಾತ್ರೆ ಬೇಕಾಗುತ್ತದೆ, ಬೆವರಿನಲ್ಲಿ ಮೈಯ ಉಪ್ಪೆಲ್ಲ ಹರಿದುಹೋಗುತ್ತದೆ. ನಮ್ಮ ಕಡೆ ಇದರ ಹೆಸರು ಕೇಳಿದವರಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಅಸ್ತಮಾ ಎಂದರು, ಎರಡು ಸಲ ಟಿ.ಬಿ. ಎಂದರು, ಒಮ್ಮೆ ದೃಷ್ಟಿ ತಾಗಿದೆ ಎಂದರು. ನಾಲ್ಕಕ್ಕೂ ಚಿಕಿತ್ಸೆ ಆಯಿತು. ಗೌರಿ ಹುಟ್ಟಿದ ವರ್ಷ ಕೆಮ್ಮು ನಿಲ್ಲದೆ ಪುಣೆಗೆ ಹೋದಾಗ ಅಲ್ಲಿನ ಹಿರಿಯ ವೈದ್ಯೆಯೊಬ್ಬರು ನನ್ನ ಬೆವರನ್ನು ಪರೀಕ್ಷಿಸಿ ಸರಿಯಾದ ಹೆಸರು ಹೇಳಿದರು. ನನಗಾಗ ಇಪ್ಪತ್ತೈದು. ಹೆಸರು ಕೇಳಿ ನಾನು ಖುಷಿಪಟ್ಟಿದ್ದು ನೋಡಿ ಅವರು ಗಾಬರಿಯಾದರು. ಹೆಸರೇ ಇಲ್ಲದ ವಸ್ತುವಿನ ವಿರುದ್ಧ ವಾದಿಸುವುದಾದರೂ ಹೇಗೆ?

ವಾದ ನನ್ನ ಹಳೆಯ ಚಟ. ಧಾರವಾಡದಲ್ಲಿ ಓದುವಾಗ ನಾನೂ ವಿರೂಪಾಕ್ಷನೂ ಚರ್ಚಾ ಸ್ಪರ್ಧೆಗಳಲ್ಲಿ ಎದುರಾಳಿಗಳು. ಪರವೋ ವಿರೋಧವೋ ಎನ್ನುವುದನ್ನು ನಮ್ಮನ್ನು ಕೇಳಿ ಕೊಡುತ್ತಿರಲಿಲ್ಲ. ಚೀಟಿ ಎತ್ತಬೇಕು, ಬಂದ ಪಕ್ಷವನ್ನು ಪ್ರಾಣ ಹೋಗುವ ಹಾಗೆ ಸಮರ್ಥಿಸಬೇಕು. ಮದುವೆಯಾದ ಮೇಲೂ ಮನೆಯಲ್ಲಿ ಇದೇ ಪದ್ಧತಿ. ಫ್ರಿಜ್ ಬೇಕೋ ಬೇಡವೋ, ಗೌರಿಗೆ ಕನ್ನಡ ಶಾಲೆಯೋ ಇಂಗ್ಲಿಷ್ ಶಾಲೆಯೋ, ಎಲ್ಲಕ್ಕೂ ನಾಣ್ಯ ಚಿಮ್ಮಿ ಪಕ್ಷ ಹಂಚಿಕೊಳ್ಳುತ್ತೇವೆ. ಧಾರವಾಡ ದಾಟುತ್ತಲೇ ಈ ವಿಷಯಕ್ಕೂ ಚಿಮ್ಮಿದೆವು. ನನಗೆ 'ಪರ' ಬಂತು.

"ಒಂದು," ಎಂದೆ. "ನಿನ್ನ ರಕ್ತದಾಗ ದೋಷ ಇಲ್ಲಾ ಅಂದ್ರ ಕೂಸಿಗೆ ಈ ಜಡ್ಡು ಬರೂದಿಲ್ಲ. ಎರಡು, ಗೌರಿನ್ನ ಹಡಿಯೂವಾಗ ನನಗ ಜಡ್ಡು ಅದ ಅನ್ನೂದ ಗೊತ್ತಿರಲಿಲ್ಲ, ಆದ್ರೂ ಹಡದೆ. ಮೂರು, ನಾಳೆ ನಾ ಇರದಾಗ ಗೌರಿಗೆ ತನ್ನವರು ಅಂತ ಒಬ್ಬರು ಬೇಕು."

ಮೂರನೆಯದಕ್ಕೆ ವಿರೂಪಾಕ್ಷ ಬಾಯಿ ತೆರೆಯಲಿಲ್ಲ. ಬೆಳಗಾವಿ ಬರುವ ಮೊದಲೇ ಗೆದ್ದೆ. ನಿಲ್ದಾಣದಲ್ಲಿ ಚಹಾ ಕುಡಿದು ಪಕ್ಷ ಬದಲಿಸಿಕೊಂಡೆವು. ಈಗ ನಾನು 'ವಿರೋಧ'. ಹೆರಿಗೆಯಾದ ಮೇಲಿನ ಆ ಒಂದು ವರ್ಷ ನೆನಪಿಸಿದೆ: ಇಳಿದ ತೂಕ, ನಿಲ್ಲದ ಕೆಮ್ಮು, ಎರಡು ಸಲ ಆಸ್ಪತ್ರೆಯ ಹಾಸಿಗೆ. ನಿಪ್ಪಾಣಿಗೆ ಮೊದಲೇ ಅದನ್ನೂ ಗೆದ್ದೆ.

"ಯಾರು ಗೆದ್ರು?" ಎಂದಳು ಗೌರಿ.

"ನಿಮ್ಮವ್ವ. ಎರಡೂ ಸಲ," ಎಂದ ವಿರೂಪಾಕ್ಷ.

"ಹಂಗಾದ್ರ ತಮ್ಮ ಬರ್ತಾನೋ ಇಲ್ಲೋ?"

ಇಡೀ ಬಸ್ಸಿನಲ್ಲಿ ಉತ್ತರ ಬೇಕಾಗಿದ್ದವಳು ಅವಳೊಬ್ಬಳೇ ಎಂದು ಕಾಣುತ್ತದೆ. ನಮಗಿಬ್ಬರಿಗೂ ಗೆಲುವು ಸಾಕಾಗಿತ್ತು.

ಕೊಲ್ಲಾಪುರ ದಾಟಿ ಬಸ್ಸು ಒಂದು ಹೋಟೆಲಿನ ಮುಂದೆ ಊಟಕ್ಕೆ ನಿಂತಿತು. ಇಲ್ಲಿ ನಮಗೊಂದು ಬಾಕಿ ಕೆಲಸವಿತ್ತು. ದಿನಕ್ಕೆ ಎರಡು ಸಲ ಯಾರಾದರೂ ನನ್ನ ಬೆನ್ನು, ಪಕ್ಕೆಗಳನ್ನು ಅಂಗೈಯಿಂದ ಬಡಿಯಬೇಕು. ಬಡಿದರೆ ಕಫ ಸಡಿಲವಾಗಿ ಕೆಮ್ಮಿನಲ್ಲಿ ಹೊರಬರುತ್ತದೆ. ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಅದು ತಪ್ಪಿತ್ತು. ಹೋಟೆಲಿನ ಹಿಂದೆ ಬೇವಿನ ಮರದ ಕೆಳಗೆ ಸಿಮೆಂಟ್ ಕಟ್ಟೆಯ ಮೇಲೆ ನಾನು ಬಗ್ಗಿ ಕುಳಿತೆ, ವಿರೂಪಾಕ್ಷ ಶುರುಮಾಡಿದ. ಹತ್ತು ಏಟು ಬಿದ್ದಿರಬಹುದು, ಒಂಬತ್ತು ಗಜದ ಸೀರೆಯ ಅಜ್ಜಿಯೊಬ್ಬಳು ಚಪ್ಪಲಿ ಕೈಯಲ್ಲಿ ಹಿಡಿದು ಬಂದಳು.

"ಬಾಯಕೋಲಾ ಮಾರತೋಸ?" ಹೆಂಡತಿಗೆ ಹೊಡೆಯುತ್ತೀಯಾ ಎಂದು ಗರ್ಜಿಸಿದಳು.

ವಿರೂಪಾಕ್ಷ ಎರಡು ಹೆಜ್ಜೆ ಹಿಂದೆ ಸರಿದ. ಚರ್ಚೆಗೆ ಬಂಗಾರದ ಪದಕ ಗೆದ್ದ ವಾಗ್ಮಿ ಎರಡೂ ಕೈ ಮೇಲೆತ್ತಿದ. ನಾನು ಹರಕು ಮರಾಠಿಯಲ್ಲಿ ಕಾಯಿಲೆ, ಕಫ, ಡಾಕ್ಟರು ಎಲ್ಲ ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿದಳು. ಚಪ್ಪಲಿ ಕೆಳಗಿಟ್ಟು ಕಾಲಿಗೆ ತೊಟ್ಟು ಅವನಿಗೆ ಹೇಳಿದಳು: "ಮಗ ನೀಟ ಮಾರ ಕೀ!" ಹಾಗಾದರೆ ಸರಿಯಾಗಿ ಹೊಡಿಯಪ್ಪ.

ನಾನೂರಕ್ಕೂ ಮಿಕ್ಕ ಕಿಲೋಮೀಟರ್ ಮುಗಿಸಿ ಸ್ವಾರಗೇಟ್ ನಿಲ್ದಾಣದಲ್ಲಿ ಇಳಿದಾಗ ಸಂಜೆ ಆರಾಗಿತ್ತು. ಊರಂಚಿನ ಭೋಸರಿಗೆ ಸಿಟಿ ಬಸ್ಸಿನಲ್ಲಿ ಮತ್ತೆ ಒಂದೂವರೆ ಗಂಟೆ. ಅಲ್ಲಿ ಒಂದು ಚಾಳಿನಲ್ಲಿ, ಅಂದರೆ ವಠಾರದಲ್ಲಿ, ವಿರೂಪಾಕ್ಷನ ಅಕ್ಕ ನೀಲಕ್ಕ ಇದ್ದಾಳೆ. ಅವಳ ಗಂಡ ಲೇಥ್ ಮಷೀನಿನ ಕೆಲಸಗಾರ, ಅವಳದು ರೊಟ್ಟಿ ಉದ್ಯೋಗ. ನಮ್ಮ ಕಡೆಯಿಂದ ಬಂದು ಕಾರ್ಖಾನೆಗಳಲ್ಲಿ ದುಡಿಯುವ ಒಂಟಿ ಗಂಡಸರ ಖಾನಾವಳಿಗೆ ದಿನಕ್ಕೆ ನೂರೈವತ್ತು ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ.

"ಬರ್ರಿ, ಬರ್ರಿ. ಬಸ್ಸಿನ್ಯಾಗೂ ಜಗಳಾಡಕೋಂತ ಬಂದೀರೇನು?"

"ಜಗಳಲ್ರಿ ಅಕ್ಕಾರ, ಚರ್ಚೆ," ಎಂದೆ.

"ನಮ್ಮ ಚಾಳಿನ್ಯಾಗ ಅದಕ್ಕ ಜಗಳಾ ಅಂತಾರವಾ," ಎಂದು ನನ್ನ ಚೀಲ ಕಿತ್ತುಕೊಂಡಳು.

ಮರುದಿನ ಆಸ್ಪತ್ರೆ. ನೀಲಕ್ಕನೂ ಬಂದಳು. ವೈದ್ಯೆ ಮೊದಲು ವಿರೂಪಾಕ್ಷನ ಕಾಗದ ತೆಗೆದರು. ಸಾಮಾನ್ಯವಾಗಿ ಕಾಣುವ ದೋಷ ಯಾವುದೂ ಅವನ ರಕ್ತದಲ್ಲಿ ಸಿಕ್ಕಿರಲಿಲ್ಲ. ಅಪರೂಪದವನ್ನು ಹಿಡಿಯುವ ಪರೀಕ್ಷೆ ತಮ್ಮಲ್ಲಿಲ್ಲ, ಆದರೂ ಮಗುವಿಗೆ ಕಾಯಿಲೆ ಬರುವ ಸಂಭವ ತೀರ ಕಡಿಮೆ ಎಂದರು. ನಾನು ಕುರ್ಚಿಯಲ್ಲೇ ಗೆದ್ದವಳಂತೆ ಕೂತೆ. ಆಮೇಲೆ ನನ್ನಿಂದ ಕೊಳವೆ ಊದಿಸಿದರು. ಕಳೆದ ವರ್ಷಕ್ಕಿಂತ ಉಸಿರು ಸ್ವಲ್ಪ ಇಳಿದಿತ್ತು.

"ಹಾಗಾದರೆ ಮಗು ಬೇಡವೆ?" ಎಂದೆ.

"ಬೇಡ ಎನ್ನುವಷ್ಟು ಇಳಿದಿಲ್ಲ. ಅಪಾಯ ಇಲ್ಲ ಎನ್ನುವಷ್ಟು ಚೆನ್ನಾಗಿಯೂ ಇಲ್ಲ."

"ಒಂದು ಪಕ್ಷ ಹೇಳಿ, ಡಾಕ್ಟರ್."

"ನಾನು ವೈದ್ಯೆ, ನಿಮ್ಮ ಸ್ಪರ್ಧೆಯ ತೀರ್ಪುಗಾರಳಲ್ಲ," ಎಂದು ನಕ್ಕರು. "ಹೊಟ್ಟೆ ಹೊತ್ತಾಗ ಎದೆಗೆ ಜಾಗ ಕಡಿಮೆ. ಒಂದು ದಿನವೂ ಬೆನ್ನು ಬಡಿಯುವುದು ತಪ್ಪಬಾರದು. ಮೊದಲ ಸಲ ತಪ್ಪಿದ್ದರ ಬೆಲೆ ಈ ಕಾಗದದಲ್ಲಿದೆ. ಅದನ್ನು ತೂಗಿ ನೋಡಿ. ನಿಮಗೆ ಏನು ಬೇಕು ಎನ್ನುವುದು ನನ್ನ ಯಂತ್ರದಲ್ಲಿ ಕಾಣುವುದಿಲ್ಲ."

ಪಕ್ಕದ ಕೋಣೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ, ಮನೆಯಲ್ಲಿ ಯಾರು ಬಡಿಯುತ್ತಾರೋ ತೋರಿಸಲಿ ಎಂದಳು. ವಿರೂಪಾಕ್ಷ ತೋರಿಸಿದ. "ಭಾವೂ, ಧೂಳ ಝಾಡತಾಯ ಕಾ?" ಎಂದಳು. ಅಣ್ಣಾ, ಧೂಳು ಕೊಡವುತ್ತಿದ್ದೀರಾ? ನಾಲ್ಕು ವರ್ಷದಿಂದ ನನಗೆ ನೋವಾದೀತು ಎಂದು, ನೋಡಿದವರು ತಪ್ಪು ತಿಳಿದಾರು ಎಂದು ಅವನು ಧೂಳನ್ನೇ ಕೊಡವಿದ್ದ.

"ಸರಿ, ನಾ ಬಡೀತೀನಿ," ಎಂದು ನೀಲಕ್ಕ ಸೆರಗು ಸಿಕ್ಕಿಸಿದಳು. ಬಿದ್ದ ಮೊದಲ ಏಟಿಗೆ ಹೊರಗೆ ಸಾಲಿನಲ್ಲಿ ಕೂತವರು ಒಳಗೆ ಇಣುಕಿದರು. ಬಲಕ್ಕೇನೂ ಕೊರತೆಯಿಲ್ಲ. ತೊಂದರೆ ಬೇರೆಯಿತ್ತು. ಇಪ್ಪತ್ತು ವರ್ಷ ರೊಟ್ಟಿ ಬಡಿದ ಕೈ ಅದು. ಅಂಗೈ ಚಪ್ಪಟೆಯಾಗಿ ಬೀಳುತ್ತಿತ್ತು, ಪ್ರತಿ ಏಟಿಗೂ ತುಸು ಪಕ್ಕಕ್ಕೆ ಸರಿಯುತ್ತ ನನ್ನ ಬೆನ್ನನ್ನು ದುಂಡಗೆ ಸುತ್ತು ಹಾಕುತ್ತಿತ್ತು. ಇನ್ನಷ್ಟು ಹೊತ್ತು ಬಿಟ್ಟಿದ್ದರೆ ನನ್ನನ್ನು ಎತ್ತಿ ಹಂಚಿಗೆ ಹಾಕುತ್ತಿದ್ದಳು.

"ಮಾವಶಿ, ಹಾತ ವಾಟೀಸಾರಖಾ!" ಚಿಕ್ಕಮ್ಮಾ, ಕೈ ವಾಟಿಯ, ಬಟ್ಟಲಿನ ಹಾಗೆ ಎಂದು ಹುಡುಗಿ ಅವಳ ಕೈಯನ್ನು ಮಡಿಸಿ ತೋರಿಸಿದಳು. ಒಂದೇ ಕಡೆ, ಒಳಗೆ ಗಾಳಿ ಹಿಡಿದು. ನೀಲಕ್ಕ ಐದಾರು ಸಲ ತಪ್ಪಿದಳು, ಆಮೇಲೆ ಹಿಡಿದಳು. ಶಬ್ದವೇ ಬದಲಾಯಿತು: ಟಪ್ ಹೋಗಿ ಡುಬ್ ಆಯಿತು. ಎದೆಯೊಳಗೆ ಏನೋ ಜಾಗ ಬಿಟ್ಟು ಕದಲಿತು.

ಮೂರನೆಯ ದಿನ ಬೆಳಿಗ್ಗೆ ರೊಟ್ಟಿ ಮುಗಿಸಿ ಕೈ ತೊಳೆದು ನೀಲಕ್ಕ ನನ್ನನ್ನು ಚಾಪೆಯ ಮೇಲೆ ಬೋರಲು ಮಲಗಿಸಿದಳು. ವಿರೂಪಾಕ್ಷ ಗೌರಿಯನ್ನು ಕರೆದುಕೊಂಡು ಹಾಲು ತರಲು ಹೋಗಿದ್ದ.

"ಖರೇ ಹೇಳು. ಇನ್ನೊಂದು ಕೂಸು ಯಾಕ ಬೇಕ ನಿನಗ?"

ಬೆನ್ನ ಮೇಲೆ ಏಟು ಬೀಳುವಾಗ ವಾದಿಸಿ ನೋಡಬೇಕು. "ಗೌ-ಗೌರಿಗೆ ಜೋ-ಜೋಡಿ..." ಎಂದೆ. ವಾಕ್ಯ ಮುಗಿಸಲು ಬಿಡದ ಎದುರಾಳಿ ನನಗೆ ಅದೇ ಮೊದಲು.

"ಯಾಕ, ನೀ ಎಲ್ಲಿ ಹೊಂಟಿ?"

ಅವಳ ಕೈ ನಿಲ್ಲಲಿಲ್ಲ.

"ನೀ ಸಾಯೂದಕ್ಕ ತಯಾರಿ ಅಂತ ಒಂದು ಕೂಸು ಹಡೀತಿ ಏನ? ಅದು ದೊಡ್ಡದಾಗಿ ಕೇಳಿದ್ರ ಏನ ಹೇಳ್ತಿ? ನಿಮ್ಮಕ್ಕನ್ನ ಕಾಯಾಕ ಕರಿಸೀನಿ, ಸುಮ್ನ ಕಾಯಿ, ಅಂತೀ?" ಬಲಗಡೆ ಮುಗಿಸಿ ಎಡಗಡೆಗೆ ಬಂದಳು. "ಕೂಸಿನ ಮ್ಯಾಲ ಆಸೆ ಇದ್ರ ಹಡಿ. ಬಂದು ಇಲ್ಲೇ ಇರು, ಒಂಬತ್ತು ತಿಂಗಳು ದಿನಾ ಎರಡು ಹೊತ್ತು ಬಡೀತೀನಿ. ನೂರೈವತ್ತು ರೊಟ್ಟಿ ಜೋಡಿ ನಿಂದೊಂದು ಬೆನ್ನು ನನಗೇನ ಭಾರಲ್ಲ. ಆಸೆ ಅದ ಏನು, ಅಷ್ಟ ಹೇಳು."

ಆರು ವರ್ಷ ವೇದಿಕೆ ಹತ್ತಿದವಳು ನಾನು. ಬಸ್ಸಿನಲ್ಲಿ ವಿರೂಪಾಕ್ಷನ ಬಾಯಿ ಕಟ್ಟಿದ ಮೂರನೆಯ ವಾದ ಚಾಪೆಯ ಮೇಲೆ ಸತ್ತು ಬಿತ್ತು. ನಾನು ಕೆಮ್ಮಿದೆ. ಕೆಮ್ಮಲು ಅದು ಒಳ್ಳೆಯ ಸಮಯವಾಗಿತ್ತು.

ನಾಲ್ಕನೆಯ ದಿನ ಪರ್ವತಿ ಗುಡ್ಡಕ್ಕೆ ಹೋದೆವು. ಮೇಲೆ ದೇವಸ್ಥಾನವಿದೆ. ನನಗೆ ದೇವರಿಗಿಂತ ಮೆಟ್ಟಿಲ ಬುಡದಲ್ಲಿ ಕೂರುವ ಪೇರಲ ಮಾರುವವಳ ಮೇಲೆ ಭಕ್ತಿ ಹೆಚ್ಚು. ಉಪ್ಪು ತಿನ್ನಿ ಎಂದು ಡಾಕ್ಟರೇ ಹೇಳುವ ರೋಗ ಬೇರೆ ಯಾವುದಿದೆ? ಸೀಳಿದ ಪೇರಲಕ್ಕೆ ಉಪ್ಪು ಖಾರ ಸವರಿ ಕೊಟ್ಟಳು. ಇನ್ನೂ ಹಾಕು ಎಂದೆ, ಹಾಕಿದಳು. ಇನ್ನೂ ಎಂದೆ. "ತಾಯೀ, ಉಪ್ಪಿನಕಾಯಿ ಹಾಕುತ್ತೀರಾ ಇದನ್ನ?" ಎಂದು ಮರಾಠಿಯಲ್ಲಿ ಕೇಳಿದಳು.

ಅಗಲವಾದ ಕಲ್ಲು ಮೆಟ್ಟಿಲುಗಳು, ನೂರಕ್ಕೂ ಹೆಚ್ಚು. ಕಳೆದ ವರ್ಷ ಅರ್ಧಕ್ಕೆ ಕೂತು ವಾಪಸಾಗಿದ್ದೆ. ಈ ಸಲ ನಾಲ್ಕು ಕಡೆ ನಿಂತೆ, ಕೆಮ್ಮಿದೆ, ಮತ್ತೆ ಹತ್ತಿದೆ. ಎರಡು ದಿನದ ಸರಿಯಾದ ಬಡಿತದಿಂದ ಇಷ್ಟಾಯಿತು ಎಂದು ನಾನು ಹೇಳುವುದಿಲ್ಲ. ಎರಡು ದಿನ ಸಾಕ್ಷ್ಯವಲ್ಲ. ಆದರೆ ಮೇಲೆ ತಲುಪಿದ್ದು ನಾನೇ.

ಮೇಲಿನಿಂದ ಊರೆಲ್ಲ ಕಾಣುತ್ತಿತ್ತು. ನೈಋತ್ಯಕ್ಕೆ ಮಂಜಿನಲ್ಲಿ ಒಂದು ದೊಡ್ಡ ಬೆಟ್ಟ, ಅದರ ನೆತ್ತಿಯ ಮೇಲೆ ಕಡ್ಡಿಯಂಥ ಗೋಪುರ.

"ಅದ್ಯಾವುದಪ್ಪಾ?"

"ಸಿಂಹಗಡ. ಭಾಳ ಎತ್ತರ. ಅಲ್ಲಿ ಝುಣಕಾ ಭಾಕರಿ, ಗಡಿಗೀ ಮೊಸರು ಸಿಗತಾವ."

ಗೌರಿ ನನ್ನ ಕೈ ಹಿಡಿದು, ಇನ್ನೂ ಏದುಸಿರು ಬಿಡುತ್ತಿದ್ದ ನನ್ನನ್ನೇ ಕೇಳಿದಳು: "ಅವ್ವಾ, ಅದನ್ನ ಯಾವಾಗ ಹತ್ತೋಣು?"

ಅಪ್ಪನನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು. ನೀಲಕ್ಕ ಕೇಳಿದ ಆಸೆಯನ್ನು ನಿನ್ನೆಯಿಂದ ಒಳಗೆ ಹುಡುಕುತ್ತಿದ್ದೆ. ಅದು ಅಲ್ಲಿ ಸಿಕ್ಕಿತು, ಆದರೆ ತೊಟ್ಟಿಲಲ್ಲಿ ಇರಲಿಲ್ಲ. ಆ ಗೋಪುರದ ಬುಡದಲ್ಲಿ ಕೂತು ಮೊಸರು ತಿನ್ನುತ್ತಿತ್ತು, ಗೌರಿಯ ಪಕ್ಕದಲ್ಲಿ.

ಮರುದಿನ ಬೆಳಿಗ್ಗೆ ಸ್ವಾರಗೇಟಿನಲ್ಲಿ ಹುಬ್ಬಳ್ಳಿ ಬಸ್ಸು ನಿಂತಿತ್ತು. ನೀಲಕ್ಕ ಒಣಗಿಸಿದ ಕಟಕು ರೊಟ್ಟಿಯ ದೊಡ್ಡ ಗಂಟಿನ ಜೊತೆ ಬಸ್ಸನ್ನೇ ಹತ್ತಿದಳು. "ಹೊಂಡೂದ್ರಾಗ ಒಂದು ಸುತ್ತು ಆಗಲಿ, ಬಗ್ಗು," ಎಂದು ಎದುರಿನ ಸೀಟಿಗೆ ನನ್ನ ಹಣೆ ಹಚ್ಚಿಸಿ ಶುರುಮಾಡಿದಳು. ಡುಬ್, ಡುಬ್, ಡುಬ್.

ಕಂಡಕ್ಟರ್ ಹಿಂದಿನಿಂದ ಓಡಿ ಬಂದ. "ಯವ್ವಾ, ಗಾಡ್ಯಾಗ ಬಡದಾಟ ಬ್ಯಾಡ್ರಿ! ಏನಿದ್ರೂ ಕೆಳಗ ಇಳದು ಮಾಡ್ರಿ."

"ಬಡದಾಟ ಅಲ್ಲೋ ಯಪ್ಪಾ, ಔಷಧ," ಎಂದಳು ಕೈ ನಿಲ್ಲಿಸದೆ. ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದಳು: "ಮತ್ತ? ಬರ್ತೀಯೋ ಒಂಬತ್ತು ತಿಂಗಳಿಗೆ?"

"ಇ-ಇಲ್ರಿ ಅಕ್ಕಾರ. ಕೂ-ಕೂಸು ಬ್ಯಾಡ."

ಪಕ್ಕದಲ್ಲಿದ್ದ ವಿರೂಪಾಕ್ಷ ತಟ್ಟನೆ ತಿರುಗಿದ. "ಕಾರಣ?"

"ಕಾರಣ ಇಲ್ಲ. ಗೌರಿ ಜೋಡಿ ಸಿಂಹಗಡ ಹತ್ತಬೇಕು."

"ಅದು ವಾದ ಅಲ್ಲ."

"ಅಲ್ಲ. ನಿಂದು ಪರನೋ ವಿರೋಧನೋ?"

ಅವನು ಅಭ್ಯಾಸಬಲದಿಂದ ಕಿಸೆಗೆ ಕೈ ಹಾಕಿ ನಾಣ್ಯ ತೆಗೆದ. ಅದನ್ನೊಮ್ಮೆ ನೋಡಿ ಮತ್ತೆ ಒಳಗಿಟ್ಟ. "ನನಗೂ ನೀ ಬೇಕು, ಇಷ್ಟ," ಎಂದ. ನಾಲ್ಕು ದಿನದಿಂದ ಇದನ್ನು ಹೇಳಲು ತನ್ನ ಪಕ್ಷ ಬರಲಿ ಎಂದು ಕಾಯುತ್ತಿದ್ದನೇನೋ, ಮಾರಾಯ!

"ತಮ್ಮ ಬರೂದಿಲ್ಲೇನು?" ಎಂದಳು ಗೌರಿ. ಇಲ್ಲ, ಸಿಂಹಗಡಕ್ಕೆ ಹೋಗೋಣ ಎಂದೆ. ಅವಳು ಸ್ವಲ್ಪ ಯೋಚಿಸಿ, ಮೊಸರಿಗೆ ಸಕ್ಕರೆ ಹಾಕುತ್ತಾರೋ ಉಪ್ಪೋ ಎಂದು ವಿಚಾರಿಸಿದಳು.

ನೀಲಕ್ಕ ಎಡಗಡೆಯೂ ಪೂರ್ತಿ ಬಡಿದು, ನನ್ನ ಬೆನ್ನನ್ನು ಒಮ್ಮೆ ಸವರಿ ಇಳಿದಳು. ಬಸ್ಸು ಹೊರಟಿತು. ಮುಚ್ಚದ ಕಿಟಕಿ ಈ ಸಲವೂ ನಮ್ಮ ಪಾಲಿಗೇ ಬಂದಿತ್ತು. ಹೊರಳಿ ನೋಡಿದರೆ ಅವಳು ಜನರ ನಡುವೆ ಕೈಯೆತ್ತಿ ಬಟ್ಟಲಿನಂತೆ ಮಡಿಸಿ, ವಿರೂಪಾಕ್ಷನಿಗೆ ಕಾಣುವಂತೆ ಗಾಳಿಯನ್ನೇ ಬಡಿಯುತ್ತಿದ್ದಳು. "ವಾಟಿ! ವಾಟಿ!" ಹಿಂದಿನ ಸೀಟಿನ ಗೃಹಸ್ಥರೊಬ್ಬರು, ಪಾಪ ಆಕೆಗೆ ನೀರು ಬೇಕೇನೋ ಎಂದು ತಮ್ಮ ಬಾಟಲಿ ಕಿಟಕಿಯಿಂದ ಹೊರಗೆ ಚಾಚಿದರು. ವಿರೂಪಾಕ್ಷ ಮಾತ್ರ ಕೈಯನ್ನು ಬಟ್ಟಲು ಮಾಡಿ ಅವಳಿಗೆ ತೋರಿಸಿದ, ಬಸ್ಸು ತಿರುವಿಗೆ ಹೋಗುವವರೆಗೂ ಇಳಿಸಲಿಲ್ಲ.