ಎರಡು ಸ್ಪ್ರಿಂಗಿನ ತೊಟ್ಟಿಲು

ನಮ್ಮ ದೊಡ್ಡಪ್ಪನವರು ಶಿರಹಟ್ಟಿಯಲ್ಲಿ ಇಪ್ಪತ್ತೈದು ವರ್ಷ ವಿಜ್ಞಾನ ಕಲಿಸಿದರು. ಕಲಿಸಿದರು ಎಂದರೆ, ಒಂದೇ ಹಳೆಯ ನೋಟ್‌ಬುಕ್ಕನ್ನು ಇಪ್ಪತ್ತೈದು ಸಲ ಓದಿ ಹುಡುಗರಿಂದ ಬರೆಸಿದರು. ಅದರಲ್ಲಿ ಇಲ್ಲದ್ದು ಜಗತ್ತಿನಲ್ಲೇ ಇಲ್ಲವೆಂದು ಅವರು ನಂಬಿದ್ದರು. ಅವರು ನಂಬಿದ್ದನ್ನೆಲ್ಲ ನನ್ನ ಅಪ್ಪ ನಂಬಿದ್ದ. ಬೆಟಗೇರಿಯ ನಮ್ಮ ಮನೆಯಲ್ಲಿ ಯಾವ ಮಾತು ಎತ್ತಿದರೂ ಅಪ್ಪನ ಉತ್ತರ ಒಂದೇ: "ನಿಮ್ಮ ದೊಡ್ಡಪ್ಪನ್ನ ಕೇಳು." ದಿನಾ ಗುಡಿಯಲ್ಲಿ ದೇವರ ತಲೆಯ ಮೇಲೆ ನೀರು ಸುರಿಯುವ ಮನುಷ್ಯನಿಗೆ ಮಗಳ ಅರ್ಜಿಗೆ ಸಹಿ ಹಾಕುವ ಧೈರ್ಯ ಇರಲಿಲ್ಲ.

ಆ ಅರ್ಜಿ ಬಿ.ಎಸ್ಸಿ.ಯದು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಪಿಯುಸಿ ಪಾಸಾಗಿದ್ದೆ. ಗದಗಿನ ಕಾಲೇಜಿಗೆ ಅರ್ಜಿ ಕೊಡಲು ಇನ್ನು ಒಂದೇ ದಿನ ಉಳಿದಿತ್ತು. ದೊಡ್ಡಪ್ಪನವರು "ನೋಡೋಣಂತ" ಎನ್ನುತ್ತಲೇ ಹದಿನೈದು ದಿನ ನೂಕಿದ್ದರು.

ಅಂದು ಅಕ್ಕನ ಅವಳಿ ಕೂಸುಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಮುಂಡರಗಿಯಿಂದ ಅವಳ ಗಂಡನ ಮನೆಯವರೆಲ್ಲ ಬಂದಿದ್ದರು. ಬೀಗರ ಕಣ್ಣು ಕುಕ್ಕಿಸಲೆಂದು ದೊಡ್ಡಪ್ಪನವರು ಗ್ಯಾರೇಜಿನ ಗುಜರಿಯಿಂದ ಒಂದೇ ನಮೂನೆಯ ಎರಡು ಸ್ಪ್ರಿಂಗ್ ತಂದಿದ್ದರು. ಬೆಳಿಗ್ಗೆ ಒಂದನ್ನು ಜಂತಿಗೆ ಕಟ್ಟಿ, ಬಿದಿರಿನ ತೊಟ್ಟಿಲು ತೂಗುಹಾಕಿ, ಒರಳಿನ ಗುಂಡುಕಲ್ಲು ಇಟ್ಟು ನೋಡಿದರು. ತೊಟ್ಟಿಲು ಇಳಿದು ನೆಲಕ್ಕೆ ಒಂದೇ ಗೇಣು ಉಳಿಯಿತು.

"ಒಂದಕ್ಕ ತಾಕತ್ತಿಲ್ಲ. ಎರಡಾದ್ರ ಡಬಲ್ ಆಕ್ಕೈತಿ," ಎಂದು ಎರಡನೆಯದನ್ನು ಮೊದಲನೆಯದರ ಕೆಳಗೆ ಸಿಕ್ಕಿಸಿ, ತೊಟ್ಟಿಲು ಮೊದಲಿನ ಎತ್ತರಕ್ಕೇ ನಿಲ್ಲಲೆಂದು ಮೇಲಿನ ಹಗ್ಗವನ್ನು ಅಷ್ಟೇ ಗಿಡ್ಡ ಮಾಡಿದರು.

"ದೊಡ್ಡಪ್ಪಾ, ಹಿಂಗ ಒಂದರ ಕೆಳಗ ಒಂದು ಹಾಕಿದ್ರ ಪೂರಾ ಭಾರ ಎರಡಕ್ಕೂ ಬೀಳತೈತ್ರಿ. ಎರಡೂ ಹಿಗ್ಗತಾವ. ಬಾಜೂ ಬಾಜೂ ಕಟ್ಟಿದ್ರ ಅರ್ಧಾ ಅರ್ಧಾ ಹಂಚ್ಕೋತಾವ," ಎಂದೆ.

"ನಿಮ್ಮಪ್ಪನ ಮೂಗು ಒರಸಿ ಬೆಳಸಿದಾಂವ ನಾನು. ನನಗ ಕಲಸಾಕ ಬಂದಿ ಏನ?"

ಅಪ್ಪ ಅಲ್ಲೇ ಕೂತು ಹೂ ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ. ಖಾಲಿ ತೊಟ್ಟಿಲು ಚೆಂದ ತೂಗಿತು. ಮತ್ತೊಮ್ಮೆ ಕಲ್ಲಿಟ್ಟು ನೋಡುವುದು ನೋಟ್‌ಬುಕ್ಕಿನಲ್ಲಿ ಇರಲಿಲ್ಲವೇನೋ.

ನಮ್ಮ ಕಡೆ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗುವುದು ಅದೇ ಗುಂಡುಕಲ್ಲು. ಅದಕ್ಕೆ ಕುಂಕುಮ ಹಚ್ಚಿ, ಕೂಸಿನ ತಲೆಗೆ ಹಾಕುವ ಕುಂಚಿಗೆ ತೊಡಿಸಿ, ಹೆಂಗಸರು ಜೋಗುಳ ಹಾಡುತ್ತ ಮಲಗಿಸಿದರು. ಮಲಗಿಸಿದ್ದೇ ತಡ, ತೊಟ್ಟಿಲು ಸರ್ರನೆ ಇಳಿದು ಧಡ್ ಎಂದು ನೆಲಕ್ಕೆ ಕೂತಿತು. ಹಾಡು ನಿಂತಿತು. "ಅಯ್ಯ ಶಿವನ, ಎಂಥಾ ಅಪಶಕುನ!" ಎಂದಳು ಬೀಗಿತಿ.

ದೊಡ್ಡಪ್ಪನವರು ಸ್ಪ್ರಿಂಗನ್ನು ದಿಟ್ಟಿಸಿ, "ಡುಪ್ಲಿಕೇಟ್ ಮಾಲು. ಗ್ಯಾರೇಜಿನಾಂವ ಮೋಸ ಮಾಡ್ಯಾನ," ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನಾನು ಯಾರನ್ನೂ ಕೇಳಲಿಲ್ಲ. ಸ್ಟೂಲು ಹತ್ತಿ ಎರಡನ್ನೂ ಬಿಚ್ಚಿ, ಜಂತಿಗೆ ಅಕ್ಕಪಕ್ಕ ಕಟ್ಟಿ, ಎರಡರ ಕೆಳತುದಿಗೂ ತೊಟ್ಟಿಲು ಸಿಕ್ಕಿಸಿದೆ. ಅದೇ ಕಲ್ಲು ಇಟ್ಟರು. ಬೆಳಿಗ್ಗೆ ಇಳಿದದ್ದರ ಅರ್ಧದಷ್ಟು ಇಳಿದು, ತೊಟ್ಟಿಲು ನಿಂತಿತು.

"ನಾ ಹೇಳಿದ್ದೂ ಅದನ್ನ," ಎಂದರು ದೊಡ್ಡಪ್ಪನವರು, ನಾಚಿಕೆಯಿಲ್ಲದೆ. ಆಮೇಲೆ ಬೀಗರ ಕಡೆ ತಿರುಗಿ, "ಹುಡುಗಿ ಶ್ಯಾಣ್ಯಾ ಅದಾಳ. ತೊಟ್ಟಲಾ ಕಟ್ಟಾಕ ಬಂತಲ್ಲ, ಸಾಕು ಬಿಡ್ರಿ. ಇನ್ನ ಕಾಲೇಜ್ ಯಾಕ ಬೇಕು?" ಎಂದರು. ಬೀಗರು ನಕ್ಕರು. ಅಪ್ಪನೂ ನಕ್ಕ. ದೊಡ್ಡಪ್ಪನವರದನ್ನೆಲ್ಲ ಮರೆತೇನು, ಅಪ್ಪನ ಆ ನಗುವನ್ನು ಇವತ್ತಿಗೂ ಕ್ಷಮಿಸಿಲ್ಲ.

ಹೆಂಗಸರು ಕೂಸುಗಳಿಗಾಗಿ ಕೈ ಚಾಚಿದರು. ಮಣೆಯ ಮೇಲೆ ಕೂತಿದ್ದ ಅಕ್ಕ ಎರಡನ್ನೂ ಎದೆಗೆ ಒತ್ತಿಕೊಂಡಳು.

"ಅಪ್ಪಾ, ಮೊದಲ ಆಕೀ ಅರ್ಜಿಗೆ ಸಹಿ ಹಾಕು. ಆಮ್ಯಾಲೆ ಕೂಸು ಕೊಡ್ತೀನಿ."

"ಬೀಗರ ಮುಂದ ಇದೇನ ನಾಟಕ?" ಎಂದು ದೊಡ್ಡಪ್ಪನವರು ಗುಡುಗಿದರು.

"ನಿಮ್ಮನ್ನ ಕೇಳಿಲ್ರಿ ದೊಡ್ಡಪ್ಪಾ. ಅಪ್ಪನ್ನ ಕೇಳೀನಿ."

ಅಕ್ಕನನ್ನು ಏಳನೇ ಇಯತ್ತೆಗೇ ಶಾಲೆ ಬಿಡಿಸಿದ್ದು ಇದೇ ದೊಡ್ಡಪ್ಪನವರ ಮಾತು. ನಾನು ಹೋಗಿ ಅವಳ ಪಕ್ಕದಲ್ಲಿ ಕೂತು ಒಂದು ಕೂಸನ್ನು ತೊಡೆಗೆ ಹಾಕಿಕೊಂಡೆ. ನಾನೂ ಕೊಡಲಿಲ್ಲ. ಅಪ್ಪ ರೂಢಿಯಂತೆ ತನ್ನ ಅಣ್ಣನ ಮುಖ ನೋಡಿದ. ಅಣ್ಣ ಜಂತಿ ನೋಡುತ್ತಿದ್ದರು. ಮುಹೂರ್ತ ಮೀರುತ್ತಿತ್ತು, ಬೀಗಿತಿಯ ಹುಬ್ಬು ಏರುತ್ತಿತ್ತು. ಕಡೆಗೆ ಅಪ್ಪ ಕೈಯ ಕುಂಕುಮವನ್ನು ಧೋತರಕ್ಕೆ ಒರಸಿಕೊಂಡು ಸಹಿ ಹಾಕಿದ. ಅರ್ಜಿಯ ಮೂಲೆಯಲ್ಲಿ ಅವನ ಹೆಬ್ಬೆರಳು ಕೆಂಪಗೆ ಮೂಡಿತು.

"ಆಕೀನ್ನ ನಾನ ಓದಿಸೀನಿ," ಎಂದು ದೊಡ್ಡಪ್ಪನವರು ಲಕ್ಷ್ಮೇಶ್ವರದವರೆಗೂ ಹೇಳಿಕೊಂಡು ತಿರುಗಿದರು. ತಿರುಗಲಿ.

ಅಂದು ಬೀಗರೆಲ್ಲ ಊಟಕ್ಕೆ ಕೂತಾಗ ಅಕ್ಕ ಕೇಳಿದ್ದಳು, "ಬಾಜೂ ಬಾಜೂ ಕಟ್ಟಿದ್ರ ಯಾಕ ನಿಂತಿತಲೇ ಅದು?" ಹೇಳಿದೆ. ಅವಳಿಗೆ ಒಂದೇ ಸಲಕ್ಕೆ ತಿಳಿಯಿತು. ದೊಡ್ಡಪ್ಪನವರಿಗೆ ಸಾಯುವತನಕ ತಿಳಿಯಲಿಲ್ಲ.