ಮೈಮೇಲಿನ ಹೊಲಿಗೆ

ಹರಿಹರದ ದರ್ಜಿ ಕೆಂಚಣ್ಣ ಸೂಜಿ ಹಿಡಿದ ಮಹಾವೀರ. ತೊಟ್ಟ ಬಟ್ಟೆಗೆ ಹೊಲಿಗೆ ಹಾಕಿದರೆ ತೊಟ್ಟವರಿಗೆ ಸಾವೆಂದು ನಂಬಿ, ಒಂದು ಗುಂಡಿ ಹಚ್ಚುವುದಕ್ಕೂ ಮೂವತ್ತು ವರ್ಷ ಊರ ಗಣ್ಯರನ್ನೆಲ್ಲ ಬನಿಯನ್ನಿನಲ್ಲಿ ನಿಲ್ಲಿಸಿದವನು.

೧೯೯೯ರಲ್ಲೊಂದು ದಿನ ಮಗಳು ಸರೋಜಾ ಅವನನ್ನು ದಾವಣಗೆರೆಯ ಸೈಬರ್ ಕೆಫೆಗೆ ಕರೆದೊಯ್ದಳು. ಇಂಟರ್‌ನೆಟ್ ಆಟದಲ್ಲಿ ತನ್ನದೇ ಹೆಸರಿಟ್ಟಿದ್ದ ವೀರವನಿತೆಯ ನಿಲುವಂಗಿಗೆ ಬಣ್ಣ ಬದಲಿಸಿ, ಜರಿಯಂಚು ಹಚ್ಚತೊಡಗಿದಳು.

“ಮೈಮೇಲೇ ಹೊಲೀಬ್ಯಾಡ ಮಗಳೇ! ಮೊದಲು ಬಿಚ್ಚಿಸು!”

“ಬಿಚ್ಚಿಸಿದ್ರೆ ಅವಳ ಮರ್ಯಾದೆ ಏನಾಗ್ಬೇಕಪ್ಪ? ಆಟ ಐತಿದು, ಸುಮ್ನೆ ಕೂಡು.”

ಅಂಚು ಕೂತಿತು. ಮರುಕ್ಷಣ ಪೊದೆಯಿಂದ ಯಾರೋ ನುಗ್ಗಿ ವೀರವನಿತೆಯನ್ನು ಕಡಿದುಹಾಕಿದರು. ಸರೋಜಾ ಸತ್ತಳೆಂದು ಪರದೆ ಸಾರಿತು.

ಮಗಳು ನಕ್ಕಳು. ಮಹಾವೀರನ ಕಣ್ಣು ಅವಳ ಚೂಡಿದಾರದ ತೋಳಿನಿಂದ ಕದಲಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಬೆಳಿಗ್ಗೆ ಅವಳು ತೊಟ್ಟಿದ್ದಾಗಲೇ ಆ ಹರಕು ತೋಳನ್ನು ಹೊಲಿದವನು ಅವನೇ.