ನಾನು ಬಿದ್ದಿಲ್ಲ, ಗಾಡಿ ಓಡಿಸುತ್ತಿದ್ದೇನೆ

ದಿನಕ್ಕೆ ಒಬ್ಬರಾದರೂ ನನ್ನನ್ನು ರಸ್ತೆಯಿಂದ ಎತ್ತಲು ಬರುತ್ತಾರೆ. ನಾನು ಬಿದ್ದಿರುವುದಿಲ್ಲ.

ಹೋದ ತಿಂಗಳು ದಾಂಡೇಲಿ ಬಸ್ ಸ್ಟ್ಯಾಂಡಿನ ಎದುರು ಒಬ್ಬ ಯಜಮಾನರು ಕೈಚೀಲ ಬಿಸಾಕಿ ಓಡಿಬಂದರು. ನನ್ನ ಎರಡೂ ಕಂಕುಳಿಗೆ ಕೈ ಹಾಕಿ, "ಹೆದರಬ್ಯಾಡ್ರಿ, ಏನೂ ಆಗಿಲ್ಲ, ಹೆದರಬ್ಯಾಡ್ರಿ" ಎನ್ನುತ್ತ ಮೇಲಕ್ಕೆ ಜಗ್ಗತೊಡಗಿದರು.

"ನಾ ಬಿದ್ದಿಲ್ರಿ. ಗಾಡಿ ಓಡಸಾಕತ್ತೇನಿ" ಎಂದೆ.

ಅವರು ಜಗ್ಗುವುದನ್ನು ನಿಲ್ಲಿಸಲಿಲ್ಲ. ಪಕ್ಕದಲ್ಲಿದ್ದವನಿಗೆ ಮೆಲ್ಲಗೆ ಹೇಳಿದರು: "ತಲಿಗೆ ಪೆಟ್ಟ ಬಿದ್ದಂಗ ಕಾಣ್ತದ. ಏನೇನೋ ಮಾತಾಡಾಕತ್ತಾರ."

ಅವರ ತಪ್ಪೇನಿದೆ? ನಾನು ನಿಜಕ್ಕೂ ರಸ್ತೆಯಲ್ಲಿ ಮಲಗಿದ್ದೆ. ನನ್ನ ಕೆಳಗೆ ಮೂರು ಗಾಲಿಗಳಿದ್ದವು, ಅಷ್ಟೇ.

ಈ ಅಂಕಣದ ಹಳೆಯ ಓದುಗರಿಗೆ ನನ್ನ ಬೆನ್ನಿನ ಪರಿಚಯವಿದೆ. (ನನ್ನ ಬೆನ್ನಿಗೆ ಇಲ್ಲಿ ಸಿಕ್ಕಷ್ಟು ಜಾಗ ತನಗೆ ಸಿಕ್ಕಿಲ್ಲ ಎಂಬುದು ಹೆಂಡತಿ ಗಿರಿಜಾಳ ದೂರು.) ಕನ್ನಡಕದ ಅಂಗಡಿ ಇಟ್ಟವನಿಗೆ ಕಣ್ಣು ಹೋಗಬೇಕು, ನನಗೆ ಬೆನ್ನು ಹೋಯಿತು. ಹುಬ್ಬಳ್ಳಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಬೈಕ್ ಬಂದ್. ಬಗ್ಗೂದು ಬಂದ್. ಆದಷ್ಟು ಒರಗಿ ಕೂಡ್ರಿ" ಎಂದರು. ಒರಗಿ ಕೂತರೆ ಅಂಗಡಿಗೆ ಹೋಗುವುದು ಹೇಗೆ?

ಆಗಲೇ ಮೊಬೈಲಿನಲ್ಲಿ ಆ ವಿಡಿಯೊ ಕಂಡದ್ದು. ಯಾವುದೋ ದೇಶದ ಗಡ್ಡದವನೊಬ್ಬ ಆರಾಮ ಕುರ್ಚಿಯಲ್ಲಿ ಒರಗಿದಂತೆ ಒರಗಿ, ಕಾಲು ಮುಂದೆ ಚಾಚಿ, ಮೂರು ಗಾಲಿಯ ಸೈಕಲ್ಲಿನಲ್ಲಿ ಗುಡ್ಡ ಇಳಿಯುತ್ತಿದ್ದ. ಅದಕ್ಕೆ ರಿಕಂಬೆಂಟ್ ಟ್ರೈಕ್ ಎನ್ನುತ್ತಾರಂತೆ. ಮೋಟರು, ಬ್ಯಾಟರಿ ಹಾಕಿದರೆ ಪೆಡಲ್ ತುಳಿಯುವ ಕಷ್ಟವೂ ಇಲ್ಲ. ಒರಗಿದ ಹಾಗೂ ಆಯಿತು, ಅಂಗಡಿ ಮುಟ್ಟಿದ ಹಾಗೂ ಆಯಿತು!

ಗಿರಿಜಾಳಿಗೆ ತೋರಿಸಿದೆ. "ಮಂಚಕ್ಕ ಗಾಲಿ ಹಚ್ಚಿಸಿ ಊರ ತುಂಬ ಅಡ್ಡಾಡೂ ಬದ್ಲಿ ಮನ್ಯಾಗ ಮಲಗ್ರಿ. ಮರ್ಯಾದಿ ಆದ್ರೂ ಉಳೀತದ" ಎಂದಳು.

ನಾನು ಸೀದಾ ದಸ್ತಗೀರನ ಹತ್ತಿರ ಹೋದೆ. ನನ್ನ ಅಂಗಡಿಗೆ ಹೊಂದಿಕೊಂಡೇ ಅವನ ವೆಲ್ಡಿಂಗ್ ಶಾಪ್. ಕಿಟಕಿಯ ಗ್ರಿಲ್, ಮನೆಯ ಗೇಟು ಅವನ ಕಸುಬು. ವಿಡಿಯೊವನ್ನು ಮತ್ತೆ ಮತ್ತೆ ನೋಡಿ ಹೇಳಿದ: "ಆಗ್ತದ ಸರ. ಆದ್ರ ಬಾಜೂಕ ಒಂದೊಂದು ಹೂವು ಕೂಡಸೂಣು."

"ಹೂವು ಯಾಕೋ?"

"ಇಲ್ಲಂದ್ರ ಖಾಲಿ ಖಾಲಿ ಕಾಣ್ತದ ನೋಡ್ರಿ."

ಜೀವನಪೂರ್ತಿ ಗೇಟು ಮಾಡಿದವನು ಏನು ಮಾಡಿದರೂ ಗೇಟೇ ಆಗುತ್ತದೆ. ಮುಂದೆ ಎರಡು ಭರ್ಜಿ ಮೊನೆಗಳನ್ನೂ ಇಡಲು ಹೊರಟಿದ್ದ, ಕೈಮುಗಿದು ತಪ್ಪಿಸಿದೆ. ಹೂವು ಉಳಿದವು. ಮುಂದಿನ ಎರಡು ಗಾಲಿ ಮಕ್ಕಳ ಸೈಕಲ್ಲಿನವು, ಹಿಂದಿನದು ಮೋಟರ್ ಇರುವ ದೊಡ್ಡ ಗಾಲಿ. ಸೀಟಿಗೆ ಹಳೆಯ ಮಂಚದ ನವಾರ ಪಟ್ಟಿ ನೇಯ್ದೆವು. ಹ್ಯಾಂಡಲ್ ಎರಡೂ ಪಕ್ಕದಲ್ಲಿ, ತೊಡೆಯ ಹತ್ತಿರ. ದಾಂಡೇಲಿಯಲ್ಲಿ ಈಗಲೂ ಜನ ನನ್ನನ್ನು ಕಂಡರೆ "ಗೇಟ್ ಬಂತು, ಸರೀರಿ" ಎನ್ನುತ್ತಾರೆ.

ಮೊದಲ ಟ್ರಯಲ್‌ನಲ್ಲಿ ಎಡಕ್ಕೆ ತಿರುಗಿಸಿದರೆ ಗಾಡಿ ಬಲಕ್ಕೆ ಹೋಯಿತು. "ದಸ್ತಗೀರ, ಉಲ್ಟಾ ಐತಲ್ಲೋ!" ಎಂದು ಕೂಗಿದೆ. "ನೀವೂ ಉಲ್ಟಾ ತಿರುವ್ರಿ ಸರ, ಸರಿ ಆಗ್ತದ!" ಎಂದು ಅವನೂ ಕೂಗಿದ. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಆದರೆ ಗಟಾರ ಹತ್ತಿರವಿತ್ತು.

ಅದನ್ನು ಸರಿಪಡಿಸಿದ ಮೇಲೆ ಬಾವುಟದ ಸಮಸ್ಯೆ. ಇಷ್ಟು ಗಿಡ್ಡ ಗಾಡಿ ಲಾರಿಯವರಿಗೆ ಕಾಣುವುದಿಲ್ಲವಲ್ಲ, ಹಿಂದೆ ಉದ್ದನೆಯ ಕೋಲಿಗೆ ಬಾವುಟ ಬೇಕು. ಯಾವ ಬಣ್ಣ? ಕೆಂಪು ಹಾಕಿದರೆ ಯೂನಿಯನ್ ಎಂದರು. ಕೇಸರಿ, ಹಸಿರು, ನೀಲಿ, ಯಾವುದನ್ನು ಎತ್ತಿದರೂ ಯಾರೋ ಒಬ್ಬರು ಖುಷಿಯಾಗಿ ಇನ್ನೊಬ್ಬರು ಮುಖ ತಿರುಗಿಸಿದರು. ಬಿಳಿ ಹಾಕಿದರೆ ಶರಣಾದಂತೆ. ನಮ್ಮಲ್ಲಿ ಯಾರಿಗೂ ಸೇರದ ಒಂದು ಬಣ್ಣ ಉಳಿದಿದೆಯೇ? ಕೊನೆಗೆ ಗಿರಿಜಾಳ ಹಳೆಯ ನೈಟಿಯಿಂದ ಹೂಹೂವಿನ ತುಂಡು ಕತ್ತರಿಸಿ ಕಟ್ಟಿದೆ. ಇದುವರೆಗೆ ಯಾವ ಸಂಘಟನೆಯೂ ಹಕ್ಕು ಸಾಧಿಸಿಲ್ಲ. (ಗಿರಿಜಾಳನ್ನು ಬಿಟ್ಟು.)

ಹೀಗೆ ಸಿದ್ಧವಾದ ಗಾಡಿಯಲ್ಲಿ ಕಳೆದ ವಾರ ಅಂಗಡಿಗೆ ರಜೆ ಹಾಕಿ ಹಳಿಯಾಳಕ್ಕೆ ಹೊರಟೆ. ಮೊದಲ ಲಾಂಗ್ ಡ್ರೈವ್. ರಸ್ತೆಯ ಎರಡೂ ಕಡೆ ತೇಗದ ಮರ, ಮೇಲೆ ಆಕಾಶ, ಪಕ್ಕದಲ್ಲಿ ನನ್ನ ಕಣ್ಣಿನ ಎತ್ತರಕ್ಕೇ ಓಡಿ ಬರುವ ನಾಯಿಗಳು. (ನಾಯಿ ಕಾಲಿಗೆ ಬೊಗಳುವುದು ಬೇರೆ, ಮುಖಕ್ಕೇ ಬೊಗಳುವುದು ಬೇರೆ. ಬಾಯಿಯ ವಾಸನೆಯೂ ಗೊತ್ತಾಗುತ್ತದೆ.)

ಹಳಿಯಾಳ ಇನ್ನೂ ದೂರವಿರುವಾಗ ಒಂದು ಹಳ್ಳಿಯಲ್ಲಿ ಗಾಡಿ ನಿಲ್ಲಿಸಬೇಕಾಯಿತು. ರಸ್ತೆ ಪಕ್ಕದ ಮನೆಯೊಂದರಿಂದ ಶವಯಾತ್ರೆ ಹೊರಟು ಮುಂದಿನ ದಾರಿ ತುಂಬಿತ್ತು. ನಮ್ಮ ಕಡೆ ಎಷ್ಟೋ ಮನೆತನಗಳಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಹೂವಿನಿಂದ ಸಿಂಗರಿಸಿದ, ಪಲ್ಲಕ್ಕಿಯಂಥ ವಿಮಾನದಲ್ಲಿ ಕೂರಿಸಿ, ಹೆಗಲ ಮೇಲೆ ಹೊತ್ತು, ಭಜನೆ ಮಾಡುತ್ತ ಹೊಲಕ್ಕೆ ಒಯ್ದು ಮಣ್ಣು ಮಾಡುತ್ತಾರೆ. ರುಮಾಲು ಸುತ್ತಿ ವಿಭೂತಿ ಹಚ್ಚಿಸಿಕೊಂಡ ಹಿರಿಯರೊಬ್ಬರು ವಿಮಾನದಲ್ಲಿ ನೆಟ್ಟಗೆ ಕೂತಿದ್ದರು.

ಎದ್ದು ನಿಲ್ಲುವುದು ಮರ್ಯಾದೆ. ಆದರೆ ನಾನು ಈ ಗಾಡಿಯಿಂದ ಏಳಲು ಒಂದು ಕಂಬವೋ ಒಬ್ಬ ಮನುಷ್ಯನೋ ಬೇಕು. ಹಾಗಾಗಿ ಮಲಗಿದಲ್ಲೇ ಕೈಮುಗಿದೆ. ಸತ್ತವರು ಕೂತಿದ್ದರು, ಬದುಕಿದವನು ಮಲಗಿದ್ದೆ. ಜನ ನಮ್ಮಿಬ್ಬರನ್ನೂ ಸರದಿಯ ಮೇಲೆ ನೋಡುತ್ತಿದ್ದರು.

ಮೆರವಣಿಗೆ ಮುಂದೆ ಸಾಗುವಷ್ಟರಲ್ಲಿ ಆ ಮನೆಯ ಕಟ್ಟೆಯಿಂದ ದನಿ ಬಂತು. "ಏ ತಮ್ಮಾ, ನಿನಗೂ ಮೊಣಕಾಲ ಹೋಗ್ಯಾವೇನು?"

ತಿರುಗಿ ನೋಡಿದೆ. ಎರಡೂ ಕಾಲು ಕೋಲಿನಂತೆ ಮುಂದಕ್ಕೆ ಚಾಚಿ ಕೂತ ಮುದುಕಿ. ಅತ್ತು ಅತ್ತು ಕಣ್ಣು ಊದಿದ್ದವು.

"ಮೊಣಕಾಲ ಅದಾವ್ರಿ ಯವ್ವಾ. ಬೆನ್ನ ಹೋಗೇತಿ."

"ಇದರಾಗ ಕಾಲ ಮಡಚೂದು ಬ್ಯಾಡಲ್ಲ?"

"ಬ್ಯಾಡ್ರಿ."

"ಹಂಗಾರ ನನ್ನ ಕುಂದರಸು."

ಜೊತೆಗಿದ್ದ ನೆರೆಮನೆಯ ಹೆಂಗಸು ವಿವರಿಸಿದಳು. ಮುದುಕಿಯ ಹೆಸರು ಗಂಗವ್ವ. ಸತ್ತವರು ಆಕೆಯ ತಮ್ಮ ಬಸಪ್ಪ. ಗಂಡ ತೀರಿದಾಗಿನಿಂದ ಆಕೆ ತಮ್ಮನ ಮನೆಯಲ್ಲೇ ಇದ್ದಾಳೆ. ಮೊಣಕಾಲು ಮಡಚಲು ಬರುವುದಿಲ್ಲ, ಆದ್ದರಿಂದ ಮೋಟರ್‌ಸೈಕಲ್ ಹತ್ತಲಾಗದು, ಟ್ರ್ಯಾಕ್ಟರ್ ಏರಲಾಗದು. ಬಸಪ್ಪನ ಮಗ ಈರಣ್ಣ, "ನೀ ಮನ್ಯಾಗ ಇರು ಅತ್ತಿ" ಎಂದು ಹೇಳಿ ಹೋಗಿದ್ದ.

"ಕುರ್ಚಿ ಮ್ಯಾಲ ಕುಂದರಿಸಿ ನಾಕ ಮಂದಿ ಹೊರ್ತೇವಂದ್ರ ಅದಕ್ಕೂ ಒಲ್ಲೆ ಅಂತಾಳ್ರಿ" ಎಂದಳು ನೆರೆಯಾಕೆ.

ಗಂಗವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಜೀವ ಇರೂ ಮಟಾ ನನ್ನ ಯಾರೂ ಹೊರೂದು ಬ್ಯಾಡ. ಎತ್ತಿ ಆಡಿಸಿದಾಕಿ ನಾನು, ಅವನ ಮ್ಯಾಲ ಒಂದ ಹಿಡಿ ಮಣ್ಣ ನಾ ಹಾಕಬಾರದೇನು?"

ನಾನು ನೆರೆಯಾಕೆಯತ್ತ ಕೈ ಚಾಚಿದೆ.

ನೆರೆಯಾಕೆ ನನ್ನನ್ನು ಎತ್ತಿದಳು. ಮೂವರು ಹೆಂಗಸರು ಸೇರಿ ಗಂಗವ್ವನನ್ನು ಹಿಡಿದು ತಂದು ನವಾರದ ಸೀಟಿನಲ್ಲಿ ಒರಗಿಸಿದರು. ಕಾಲು ನೆಟ್ಟಗೆ ಮುಂದಿನ ಪೈಪಿನ ಮೇಲೆ ಕೂತವು, ಅಳತೆ ಕೊಟ್ಟು ಮಾಡಿಸಿದಂತೆ. "ಅಯ್ಯ, ತೊಟ್ಟಲಾ ಇದ್ದಂಗ ಐತಿ" ಎಂದಳು. ನಾನು ಬಲಗೈ ಹಿಡಿಕೆ ತೋರಿಸಿದೆ. "ಇದನ್ನ ಸ್ವಲ್ಪ ತಿರುವಿದ್ರ ಮುಂದ ಹೋಗ್ತದ್ರಿ. ಸ್ವಲ್ಪ ಅಷ್ಟ. ನಾ ಬಾಜೂಕ ಬರ್ತೇನಿ."

ಬ್ರೇಕ್ ಎಲ್ಲಿದೆ ಎಂದು ಹೇಳಲು ಬಾಯಿ ತೆರೆದೆ. ಆಗಲೇ ಆಕೆ ಪೂರಾ ತಿರುವಿದಳು.

ನೈಟಿಯ ಬಾವುಟ ಪಟಪಟ ಹಾರಿತು. ನಾನು ಹಿಂದೆ ಓಡಿದೆ. (ಡಾಕ್ಟರು ಓಡಬೇಡಿ ಎಂದು ಹೇಳಿರಲಿಲ್ಲ. ನಾನು ಓಡಬಹುದು ಎಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ.) ಗಾಡಿ ಸದ್ದಿಲ್ಲದೆ ಹೋಗುತ್ತದೆ, ಅದೇ ತೊಂದರೆ. ಮೆರವಣಿಗೆಯ ಹಿಂದಿನವರಿಗೆ ಗೊತ್ತಾದದ್ದು ಅದು ಪಕ್ಕದಲ್ಲಿ ಬಂದಾಗ. ದಾರಿಗೆ ಚುರುಮುರಿ ಎರಚುತ್ತಿದ್ದವನೊಬ್ಬ ಬುಟ್ಟಿ ಸಮೇತ ಬೇಲಿ ಹಾರಿದ. ಭಜನೆಯವರ ತಾಳ ತಪ್ಪಿತು. ವಿಮಾನ ಹೊತ್ತವರು ಗಾಬರಿಯಾಗಿ ಬದಿಗೆ ಸರಿದರು. ಬಸಪ್ಪನವರು ಸ್ವಲ್ಪ ವಾಲಿದರು, ಅಕ್ಕನಿಗೆ ದಾರಿ ಬಿಟ್ಟಂತೆ. ಗಂಗವ್ವ ತಮ್ಮನನ್ನು ಓವರ್‌ಟೇಕ್ ಮಾಡಿ ಮುಂದೆ ಹೋದಳು.

ಗುಂಪಿನ ಹಿರಿಯರೊಬ್ಬರು ಎರಡೂ ಕೈ ಎತ್ತಿ ಕೂಗಿದರು: "ಏ ಗಂಗವ್ವಾ! ನಿಂದರ! ಇದು ನಿನ್ನ ಪಾಳಿ ಅಲ್ಲ!"

ನಗಬಾರದ ಕಡೆ ನಗು ಬಂದರೆ ಏನು ಮಾಡಬೇಕು? ಕೆಲವರು ಕೆಮ್ಮಿದರು. ಕೆಲವರು ಟವೆಲ್ ಬಾಯಿಗೆ ಒತ್ತಿಕೊಂಡರು. ನನಗೆ ಮಾತ್ರ ನಗು ಬರಲಿಲ್ಲ. ಮುಂದೆ ಹೊಲದಲ್ಲಿ ಕುಣಿ ತೋಡಿದ್ದಾರೆ, ಎಂಬತ್ತರ ಮುದುಕಿ ಅದರತ್ತಲೇ ಹೋಗುತ್ತಿದ್ದಾಳೆ, ಗಾಡಿ ನನ್ನದು. ಒಂದೇ ದಿನ, ಒಂದೇ ಮನೆಯಲ್ಲಿ, ಇನ್ನೊಂದು ಸಾವು. ಓಡುತ್ತಲೇ ಕಂಡ ಕಂಡ ದೇವರಿಗೆ ಹರಕೆ ಹೊತ್ತೆ.

ಬಂಡಿಜಾಡಿನಲ್ಲಿ ಕುಲುಕಾಡುತ್ತ ಹೊಲಕ್ಕಿಳಿದ ಗಾಡಿ ಕುಣಿಯ ಈಚೆ ರಾಶಿ ಹಾಕಿದ್ದ ಹಸಿಮಣ್ಣಿಗೆ ನುಗ್ಗಿ ನಿಂತಿತು. ನಾನು ಏದುಸಿರು ಬಿಡುತ್ತ ತಲುಪಿದಾಗ ಕುಣಿ ತೋಡಿದ್ದ ಇಬ್ಬರು ಸಲಿಕೆ ಎದೆಗೆ ಅವುಚಿಕೊಂಡು ನಿಂತಿದ್ದರು. ಗಂಗವ್ವ ಒರಗಿದಂತೆಯೇ ಇದ್ದಳು. ಮಡಿಲ ತುಂಬ ಮಣ್ಣು.

"ಯವ್ವಾ, ಪೆಟ್ಟಾತೇನ್ರಿ?"

"ಇಲ್ಲೋ. ಬಸ್ಯಾ ಎಲ್ಲಿ?"

"ಹಿಂದ ಬರಾಕತ್ತಾರ್ರಿ."

"ಬರ್ಲಿ" ಎಂದಳು. ಆಮೇಲೆ ಆಕೆಯ ಮುಖ ಅಳುವಂತಾಯಿತು. "ಮದ್ಲ ನಾನ ಬರಬೇಕಿತ್ತು ಇಲ್ಲಿಗೆ. ದೊಡ್ಡಾಕಿ ನಾನಲ್ಲೇನೋ."

ನಾನು ಮಣ್ಣಿನ ರಾಶಿಯ ಮೇಲೆ ಕೂತುಬಿಟ್ಟೆ. ಆಕೆಯ ಕೈ ಹಿಡಿದುಕೊಂಡೆನೋ ಆಕೆಯೇ ನನ್ನ ಕೈ ಹಿಡಿದಳೋ ನೆನಪಿಲ್ಲ.

ಮೆರವಣಿಗೆ ಬಂತು. ಈರಣ್ಣ ಎಲ್ಲರಿಗಿಂತ ಮುಂದೆ, ಕಣ್ಣು ಕೆಂಪಗೆ. "ಯಾರ್ರೀ ನೀವು? ನಮ್ಮಪ್ಪನ ಮಣ್ಣಿನಾಗ ಏನ್ ನಾಟಕ ಹಚ್ಚೀರಿ?"

ಚಷ್ಮಾ ಅಂಗಡಿಯವ, ಹಳಿಯಾಳಕ್ಕೆ ಹೊರಟಿದ್ದೆ, ಎನ್ನಲೇ?

"ಅವನಿಗೇನೂ ಅನಬ್ಯಾಡ" ಎಂದಳು ಗಂಗವ್ವ. "ನಾನ ಕೇಳಿ ಹತ್ತೇನಿ. ನೀ ಮನ್ಯಾಗ ಇರು ಅಂದಿ. ಮನ್ಯಾಗ ಇದ್ದು ಯಾರಿಗೆ ಮಣ್ಣ ಹಾಕಲಿ?"

ಈರಣ್ಣ ಅತ್ತೆಯನ್ನು ನೋಡಿದ, ಗಾಡಿಯನ್ನು ನೋಡಿದ, ಬಾವುಟವನ್ನು ನೋಡಿದ. ಆಮೇಲೆ ಒಬ್ಬ ನೆಂಟನನ್ನು ಕರೆದು, ಇಬ್ಬರೂ ಸೇರಿ ಗಾಡಿಯನ್ನು ಮಣ್ಣಿನಿಂದ ಎಳೆದು ಕುಣಿಯ ಅಂಚಿಗೆ ತಂದು ನಿಲ್ಲಿಸಿದರು. ಉರುಳದಂತೆ ಗಾಲಿಗಳಿಗೆ ಅಡ್ಡ ಕಲ್ಲು ಇಟ್ಟವನು ಈರಣ್ಣನೇ.

ಬಸಪ್ಪನವರನ್ನು ಇಳಿಸಿದರು. ಪೂಜೆ ಆಯಿತು. ಮಣ್ಣು ಹಾಕುವಾಗ ಎಲ್ಲರೂ ಬಗ್ಗಿದರು, ಗಂಗವ್ವ ಬಗ್ಗಬೇಕಾಗಲಿಲ್ಲ. ಯಾರೂ ಹಿಡಿಯಲಿಲ್ಲ, ಯಾರೂ ಎತ್ತಲಿಲ್ಲ. ನೆಲಕ್ಕೆ ಅಂಟಿಕೊಂಡಂತಿದ್ದ ಆ ಸೀಟಿನಿಂದ ಬರೀ ಕೈ ಚಾಚಿದಳು. ಮಡಿಲಲ್ಲಿದ್ದ ಮಣ್ಣನ್ನೇ ಹಿಡಿ ಹಿಡಿಯಾಗಿ, ಆತುರವಿಲ್ಲದೆ, ತಮ್ಮನಿಗೆ ಹಾಕಿದಳು. ಹಿಂದಿನವರು ಕಾದರು.

ವಾಪಸು ಬರುವಾಗ ನಾನು ಹ್ಯಾಂಡಲ್ ಬಿಡಲಿಲ್ಲ. ಬಗ್ಗಿಕೊಂಡೇ, ಒಂದು ಕೈಯಲ್ಲಿ ಹಿಡಿಕೆ, ಒಂದು ಕೈಯಲ್ಲಿ ಬ್ರೇಕು. ಡಾಂಬರು ರಸ್ತೆಗೆ ಬಂದಾಗ ಎದುರಿಗೆ ಬಸ್ಸೊಂದು ನಿಧಾನವಾಯಿತು. ಡ್ರೈವರ್ ಹಾಡು ಬಂದ್ ಮಾಡಿದ. ಕಣ್ಣು ಮುಚ್ಚಿ ಒರಗಿದ ಮುದುಕಿ, ಮೈಮೇಲೆ ಮಣ್ಣು, ಪಕ್ಕದಲ್ಲಿ ಕಬ್ಬಿಣದ ಹೂವು, ಹಿಂದೆ ತಲೆ ತಗ್ಗಿಸಿದ ಜನ. ಕಿಟಕಿ ಕಿಟಕಿಯಲ್ಲೂ ಜನ ಕೈಮುಗಿದರು.

ಗಂಗವ್ವ ಕಣ್ಣು ಬಿಟ್ಟಳು. "ನನಗ್ಯಾಕ ಕೈ ಮುಗೀತೀರಿ? ನಾ ಇನ್ನೂ ಅದೇನಿ! ನಡೀರಿ ಮುಂದ!"

ಬಸ್ಸಿನೊಳಗೆ ಯಾರೋ ಕಿರುಚಿದರು. ಇಷ್ಟು ಹೊತ್ತು ಟವೆಲ್ ಕಚ್ಚಿಕೊಂಡಿದ್ದ ಹಿರಿಯರು ರಸ್ತೆಯ ಮಧ್ಯದಲ್ಲೇ ಕೂತು ನಕ್ಕರು. ಈರಣ್ಣನೂ ನಕ್ಕ. ನಗುತ್ತ ನಗುತ್ತ ಅತ್ತ. ಅಪ್ಪ ಸತ್ತ ಮೇಲೆ ಅವನು ಅತ್ತದ್ದು ಅದೇ ಮೊದಲು ಎಂದು ಆಮೇಲೆ ಯಾರೋ ಹೇಳಿದರು.

ಹಳಿಯಾಳಕ್ಕೆ ನಾನು ಹೋಗಲಿಲ್ಲ. ಈರಣ್ಣನೇ ಗಾಡಿಯನ್ನು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹಾಕಿ, ನನ್ನನ್ನೂ ಅದರ ಪಕ್ಕದಲ್ಲಿ ಮಲಗಿಸಿ, ದಾಂಡೇಲಿಗೆ ಮುಟ್ಟಿಸಿದ. ಡಾಕ್ಟರು ಫೋನಿನಲ್ಲಿ ಬೈದ ಮಾತುಗಳನ್ನು ಪತ್ರಿಕೆಯಲ್ಲಿ ಬರೆಯುವಂತಿಲ್ಲ. ಈ ಅಂಕಣವನ್ನು ಅಂಗಾತ ಮಲಗಿ, ಮೊಬೈಲ್ ಮುಖದ ಮೇಲೆ ಹಿಡಿದು ಬರೆಯುತ್ತಿದ್ದೇನೆ. ಎರಡು ಸಲ ಮೂಗಿನ ಮೇಲೆ ಬಿದ್ದಿದೆ.

ನಿನ್ನೆ ಗಂಗವ್ವನ ಫೋನ್ ಬಂತು. ಈರಣ್ಣ ಹಚ್ಚಿ ಕೊಟ್ಟಿದ್ದ.

"ತಮ್ಮಾ, ಬೆನ್ನ ಹೆಂಗೈತಿ? ಆರಾಮಾದ ಮ್ಯಾಲ ಗಾಡಿ ತಗೊಂಡ ಬಾ. ಹಳಿಯಾಳ ಸಂತಿಗೆ ಹೋಗೂಣು. ಬಸ್ಯಾಗ ಮಣ್ಣ ಹಾಕಿ ಬಂದಾಗಿಂದ ಮನ್ಯಾಗ ಅದೇನಿ ನೋಡು."

"ಸಂತ್ಯಾಗ ಏನ್ ಕೆಲಸ ಐತ್ರಿ ಯವ್ವಾ?"

"ಏನೂ ಇಲ್ಲ. ಸುಮ್ಮನ ಮಂದಿ ನೋಡಾಕ."

ತಮ್ಮನ ಮಣ್ಣಿಗೆ ಹೋಗುವ ಮೊದಲು ಆಕೆ ಮನೆಯ ಕಟ್ಟೆ ಇಳಿದು ಎಷ್ಟು ವರ್ಷವಾಗಿತ್ತು ಎಂದು ಈರಣ್ಣನನ್ನು ಕೇಳಿದೆ. ಅವನಿಗೆ ನೆನಪಾಗಲಿಲ್ಲ.

ಒಬ್ಬ ಮನುಷ್ಯ ಮನೆಯಿಂದ ಹೊರಗೆ ಬರಬೇಕೆಂದರೆ ಇನ್ನೊಬ್ಬರು ಸಾಯಲೇಬೇಕೇನ್ರಿ?